ಗೃಹರಕ್ಷಕ ದಳದಲ್ಲಿ ಘಟಕ ಬದಲಾಯಿಸಿದ ಹದಿನಾರು ವಾರ

ದಸರೆಯ ಬಂದೋಬಸ್ತ್ ಮುಗಿಸಿ ಬಂದು ಎರಡು ದಿನವಾಯಿತು. ಬೂಟು ಇನ್ನೂ ಜಗಲಿಯಲ್ಲಿ ಒಣಗುತ್ತಿದೆ, ಕಾಲಿನ ಬಾವು ಇಳಿದಿಲ್ಲ. ಮರೆಯುವ ಮೊದಲು ಬರೆದುಬಿಡೋಣವೆಂದು ಕುಳಿತಿದ್ದೇನೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಘಟಕದಲ್ಲಿದ್ದ ನನ್ನ ಹೆಸರು ಶಿವಮೊಗ್ಗ ನಗರದ ಘಟಕದ ಹಾಜರಿ ಪುಸ್ತಕಕ್ಕೆ ಬರಲು ಜೂನ್ ಎರಡನೆಯ ಭಾನುವಾರದಿಂದ ಸೆಪ್ಟೆಂಬರ್ ಕೊನೆಯ ಭಾನುವಾರದವರೆಗೆ ಹದಿನಾರು ವಾರ ಹಿಡಿಯಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಕಾಲ ಹೋದದ್ದು ನನಗೆ ತಿಳಿಯದೇ ಇದ್ದುದರಿಂದ. ತಿಳಿದವರು ಇರಲಿಲ್ಲವೆಂದಲ್ಲ. ಎಲ್ಲರೂ ಒಂದೊಂದು ತುಂಡು ಹೇಳಿದರು, ಆ ತುಂಡುಗಳನ್ನು ಸೇರಿಸಿ ಹೊಲಿಯುವ ಹೊತ್ತಿಗೆ ಮಳೆಗಾಲವೇ ಮುಗಿದಿತ್ತು.

ನಾನು ಗೃಹರಕ್ಷಕ ದಳಕ್ಕೆ, ಅಂದರೆ ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ಹೋಮ್ ಗಾರ್ಡ್ಸ್‌ಗೆ, ಸೇರಿದ್ದು 2016ರಲ್ಲಿ. ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ, ಭಾನುವಾರ ಕವಾಯತಿಗೆ ಹೋಗುತ್ತಿದ್ದೆ, ಕರೆ ಬಂದಾಗ ಜಾತ್ರೆಗೋ ಚುನಾವಣೆಗೋ ನೆರೆಗೋ ಖಾಕಿ ತೊಟ್ಟು ಹೊರಡುತ್ತಿದ್ದೆ. ಮೂರು ವರ್ಷದ ಹಿಂದೆ ಸೆಕ್ಷನ್ ಲೀಡರ್, ಅಂದರೆ ಘಟಕದೊಳಗಿನ ಒಂದು ಸಣ್ಣ ತಂಡದ ಮುಖ್ಯಸ್ಥೆ, ಮಾಡಿದರು. ಈ ವರ್ಷ ಮಗಳ ಹೈಸ್ಕೂಲಿಗಾಗಿ ಶಿವಮೊಗ್ಗಕ್ಕೆ ಮನೆ ಬದಲಾಯಿಸಿದೆವು. ಎಪಿಎಂಸಿ ಪ್ರಾಂಗಣದ ಒಂದು ಅಡಿಕೆ ಮಂಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಂದ ಮೂಟೆಗಳ ತೂಕ ಬರೆಯುವುದು, ಟೆಂಡರ್ ಆದ ಮೇಲೆ ರೈತರಿಗೆ ಪಟ್ಟಿ ಹರಿದು ಕೊಡುವುದು. ಸಂಬಳ ಹಿಂದಿನದಕ್ಕಿಂತ ಹೆಚ್ಚು, ರಜೆ ಕಡಿಮೆ.

ಮೊದಲ ಪ್ರಶ್ನೆ ಮನೆಯಲ್ಲೇ ಎದ್ದಿತು. ಊರು ಬಿಟ್ಟ ಮೇಲೆ ದಳವನ್ನೂ ಬಿಟ್ಟರೆ ಆಗದೆ? ನಮ್ಮವರು ತಪ್ಪಾಗಿಯೇನೂ ಕೇಳಲಿಲ್ಲ. ಭಾನುವಾರ ಬೆಳಗಿನ ಜಾವ ಎದ್ದು ಬೂಟಿಗೆ ಪಾಲಿಶ್ ಹಾಕುವವಳನ್ನು ಎಂಟು ವರ್ಷ ನೋಡಿದವರಿಗೆ ಕೇಳುವ ಹಕ್ಕಿದೆ. ರಾಜೀನಾಮೆ ಕೊಟ್ಟು ಶಿವಮೊಗ್ಗದಲ್ಲಿ ಹೊಸದಾಗಿ ಸೇರಬಹುದು ಎಂದು ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಬೇಡಿ. ಹೊಸಬಳಾಗಿ ಸೇರಿದರೆ ಆಯ್ಕೆ, ಪರಿಶೀಲನೆ, ಮೂಲ ತರಬೇತಿ ಎಲ್ಲವೂ ಮೊದಲಿನಿಂದ ಆಗಬೇಕು, ಹಿಂದಿನ ಸೇವೆ ನೀರಿನಲ್ಲಿ ಹೋಮ. ವರ್ಗಾವಣೆಯಾದರೆ ನಿಮ್ಮ ಸೇವಾ ಪುಸ್ತಕವೂ ನಿಮ್ಮ ಹಿಂದೆ ಬರುತ್ತದೆ. ಈ ಒಂದು ಮಾತನ್ನು ನನಗೆ ಹೇಳಿದವರು ಹಳೆಯ ಘಟಕದ ಸಾರ್ಜೆಂಟರು. ಅವರು ಹೇಳದಿದ್ದರೆ ಇಷ್ಟು ಹೊತ್ತಿಗೆ ಯಾವುದೋ ಮೈದಾನದಲ್ಲಿ ಹುಡುಗಿಯರ ಜೊತೆ ಎಡ ಬಲ ಕಲಿಯುತ್ತಿದ್ದೆ.

ಮಂಡಿಯ ಸಾಹುಕಾರರಿಗೆ ಹೇಳುವ ಕೆಲಸವನ್ನು ಮುಂದೂಡಿದ್ದು ನನ್ನ ಮೊದಲ ತಪ್ಪು. ಕೆಲಸ ಗಟ್ಟಿಯಾದ ಮೇಲೆ ಹೇಳೋಣವೆಂದು ಸುಮ್ಮನಿದ್ದೆ. ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲಿ ವರ್ಗಾವಣೆಯ ಅರ್ಜಿಗೆ ಉದ್ಯೋಗದ ಪತ್ರ ಬೇಕೆಂದು ಗೊತ್ತಾಯಿತು, ಹೋಗಿ ನಿಂತೆ. ತೂಕದ ಚೀಟಿಗಳಿಂದ ತಲೆ ಎತ್ತದೆಯೇ ಕೇಳಿದರು.

"ಪೊಲೀಸ್ ಕೆಲಸವಾ?"

"ಅಲ್ಲ ಸಾಹುಕಾರರೇ, ಗೃಹರಕ್ಷಕ ದಳ. ಪೊಲೀಸರ ಜೊತೆ ನಿಲ್ಲುತ್ತೇವೆ."

"ಸಂಬಳ ಎಷ್ಟು?"

"ಸಂಬಳ ಇಲ್ಲ. ಕರ್ತವ್ಯಕ್ಕೆ ಹೋದ ದಿನಕ್ಕೆ ಭತ್ಯೆ."

ಆಗ ತಲೆ ಎತ್ತಿದರು. "ಹಾಗಾದರೆ ಯಾಕಮ್ಮ ಹೋಗುತ್ತೀಯ?"

ಸಿದ್ಧ ಉತ್ತರ ನನ್ನ ಬಳಿ ಇರಲಿಲ್ಲ. ತರಬೇತಿಯಲ್ಲಿ ಕಲಿತದ್ದನ್ನೇ ಹೇಳಿದೆ. 1946ರ ಡಿಸೆಂಬರ್ 6ರಂದು ಮುಂಬಯಿಯಲ್ಲಿ ಗಲಭೆಗಳ ಹೊತ್ತಿನಲ್ಲಿ ಪೊಲೀಸರಿಗೆ ನೆರವಾಗಲು ಶುರುವಾದ ದಳ ಇದು, 1962ರ ಚೀನಾ ಯುದ್ಧದ ನಂತರ ಎಲ್ಲ ರಾಜ್ಯಗಳಲ್ಲೂ ಒಂದೇ ಬಗೆಯ ಸ್ವಯಂಸೇವಾ ದಳವಾಯಿತು, ನಮ್ಮ ರಾಜ್ಯದ ಕಾಯ್ದೆಯೂ ಅದೇ 1962ರದು, ನಮ್ಮ ಧ್ಯೇಯವಾಕ್ಯ ನಿಷ್ಕಾಮ ಸೇವೆ ಎಂದೆಲ್ಲ. ಸಾಹುಕಾರರು ಪೂರ್ತಿ ಕೇಳಿಸಿಕೊಂಡರು. ಆಮೇಲೆ "ನಿಷ್ಕಾಮ ಸರಿ, ಸುಗ್ಗಿಯಲ್ಲಿ ನನಗೆ ಸಕಾಮ ಗುಮಾಸ್ತೆ ಬೇಕು" ಎಂದರು. ನಗು ಬಂತು, ನಗಲಿಲ್ಲ.

ಕೊನೆಗೆ ಒಪ್ಪಂದ ಹೀಗಾಯಿತು. ಭಾನುವಾರದ ಕವಾಯತಿಗೆ ಅಡ್ಡಿಯಿಲ್ಲ. ವಾರದ ನಡುವೆ ಕರ್ತವ್ಯ ಬಿದ್ದರೆ ಹಿಂದಿನ ದಿನ ಸಂಜೆಯೊಳಗೆ ಹೇಳಬೇಕು, ಇನ್ನೊಬ್ಬ ಗುಮಾಸ್ತರ ಜೊತೆ ನಾನೇ ಪಾಳಿ ಹೊಂದಿಸಿಕೊಳ್ಳಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಹೊಸ ಅಡಿಕೆ ಬರುವ ಕಾಲದಲ್ಲಿ, ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ಕೇಳಬಾರದು. ಇದನ್ನು ಬಾಯಿಮಾತಿಗೆ ಬಿಡದೆ ಮಂಡಿಯ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಂಡೆ. ಆ ಕಾಗದ ಮುಂದೆ ಎರಡು ಕಡೆ ಕೆಲಸಕ್ಕೆ ಬಂತು.

ಇಲ್ಲಿ ಒಂದು ಅಡ್ಡಮಾತು. ನನ್ನ ಚಿಕ್ಕಪ್ಪನ ಮಗ ಟೆರಿಟೋರಿಯಲ್ ಆರ್ಮಿಯಲ್ಲಿದ್ದಾನೆ. ಅವನೂ ನನ್ನ ಹಾಗೆಯೇ ವರ್ಷದ ಬಹುಪಾಲು ನಾಗರಿಕ ಉದ್ಯೋಗದಲ್ಲಿದ್ದು, ಕರೆದಾಗ ಸಮವಸ್ತ್ರ ತೊಡುವವನು. ಆದರೆ ಅವನ ಬೆನ್ನಿಗೆ 1948ರ ಕಾಯ್ದೆಯಿದೆ. ಸೇನೆ ಕರೆದಾಗ ಹೋದವನನ್ನು, ಸೇವೆ ಮುಗಿಸಿ ಬಂದ ಮೇಲೆ, ಮಾಲೀಕ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಅದರಲ್ಲಿ ಬರೆದಿದೆ. ನಮ್ಮಂಥವರಿಗೆ ಮಂಡಿಯಲ್ಲಿ ನಿತ್ಯ ನಡೆಯುವುದು ಸಾಹುಕಾರರ ಮರ್ಜಿ. ಹಾಗಾಗಿ ಕೆಲಸಕ್ಕೆ ಸೇರುವ ದಿನವೇ ಹೇಳಿಬಿಡಿ. ತಡವಾಗಿ ಹೇಳಿದರೆ ಮುಚ್ಚಿಟ್ಟ ಹಾಗಾಗುತ್ತದೆ, ನನಗೆ ಆ ಮಾತನ್ನೂ ಕೇಳಬೇಕಾಯಿತು.

ಅರ್ಜಿ ಬರೆಯುವುದು ಸುಲಭ. ಜಿಲ್ಲಾ ಸಮಾದೇಷ್ಟರಿಗೆ (ಜಿಲ್ಲೆಯಲ್ಲಿ ದಳದ ಮುಖ್ಯಸ್ಥರು, ಕಮಾಂಡೆಂಟ್), ಘಟಕಾಧಿಕಾರಿಗಳ ಮೂಲಕ. ಈ 'ಮೂಲಕ' ಎಂಬ ಪದ ಬಿಟ್ಟುಹೋದರೆ ಅರ್ಜಿ ನೇರವಾಗಿ ಹೋಗಿ ನೇರವಾಗಿಯೇ ಹಿಂದಿರುಗುತ್ತದೆ. ಕಾರಣ ಒಂದೇ ಸಾಲಿನಲ್ಲಿ ಬರೆದೆ: ವಾಸಸ್ಥಳ ಹಾಗೂ ಉದ್ಯೋಗ ಬದಲಾಗಿದೆ. ಜೊತೆಗೆ ಇಟ್ಟದ್ದು ಆಧಾರ್, ದಳದ ಗುರುತಿನ ಚೀಟಿ, ಮೂಲ ತರಬೇತಿಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಮನೆಯ ಬಾಡಿಗೆ ಕರಾರು, ಮಂಡಿಯ ಪತ್ರ. ಬಾಡಿಗೆ ಕರಾರಿಗೆ ಮನೆಯ ಮಾಲೀಕರು ಮೊದಲು ಒಪ್ಪಲಿಲ್ಲ. ಬರವಣಿಗೆಯೆಂದರೆ ಅವರಿಗೆ ತೆರಿಗೆಯ ಭಯ. ಹಿತ್ತಲಿನ ಕೆಸುವಿನೆಲೆಯಲ್ಲಿ ಪತ್ರೊಡೆ ಮಾಡಿ ಅವರ ಹೆಂಡತಿಗೆ ಕೊಟ್ಟು ಬಂದ ಮೇಲೆ ಒಪ್ಪಿದರು. ಇದನ್ನು ಎಲ್ಲರಿಗೂ ಸಲಹೆಯಾಗಿ ಕೊಡಲಾರೆ.

ಜೂನ್ ಎರಡನೆಯ ಭಾನುವಾರ ಹಳೆಯ ಘಟಕದ ಕವಾಯತಿಗೆ ಹೋಗಿ ಅರ್ಜಿ ಕೊಟ್ಟೆ. ತೀರ್ಥಹಳ್ಳಿ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ ಹೆಚ್ಚು. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಎಂಬ 2023ರ ಶಕ್ತಿ ಯೋಜನೆ ನನ್ನ ಪಾಲಿಗೆ ಸಮಯ ಕೂಡಿಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಳಗಿನ ಆರು ಗಂಟೆಯ ಕವಾಯತಿಗೆ ಹೋಗಬೇಕಾದವಳು ಹಿಂದಿನ ರಾತ್ರಿಯೇ ಹೋಗಿ ತವರಿನಲ್ಲಿ ಮಲಗುತ್ತಿದ್ದೆ. ಅಮ್ಮನಿಗೆ ಮಾತ್ರ ಈ ವರ್ಗಾವಣೆ ಎಷ್ಟು ತಡವಾದರೂ ಸಂತೋಷವೇ.

ಘಟಕಾಧಿಕಾರಿಗಳು ಅರ್ಜಿ ಓದಿ, "ಶಿಫಾರಸು ಮಾಡುತ್ತೇನೆ. ಆದರೆ ಮೊದಲು ಕಿಟ್ ಲೆಕ್ಕ ಚುಕ್ತಾ ಮಾಡಿ" ಎಂದರು.

ನನ್ನ ಎಣಿಕೆಯಲ್ಲಿ ಅದು ಹತ್ತು ನಿಮಿಷದ ಕೆಲಸ. ಸಾರ್ಜೆಂಟರು ಕಪಾಟಿನಿಂದ ಉದ್ದನೆಯ ರಿಜಿಸ್ಟರ್ ತೆಗೆದು ನನ್ನ ಮೆಟಲ್ ಸಂಖ್ಯೆಯ (ದಳದಲ್ಲಿ ನನ್ನ ಗುರುತಿನ ಸಂಖ್ಯೆ) ಪುಟ ಬಿಡಿಸಿದರು. ಖಾಕಿ ಅಂಗಿ ಪ್ಯಾಂಟು ಸರಿ. ಬೂಟು ಸರಿ. ಬೆಲ್ಟು, ಟೋಪಿ, ಲ್ಯಾನ್ಯಾರ್ಡ್, ಸೀಟಿ ಎಲ್ಲ ಸರಿ. ಅವರ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಮಳೆಕೋಟು, ಒಂದು. ಪಕ್ಕದಲ್ಲಿ ನನ್ನದೇ ಸಹಿ.

"ತಂಗಿ, ಇದು ಎಲ್ಲಿ?"

ಎಲ್ಲಿ ಎಂದು ನನಗೆ ಗೊತ್ತಿತ್ತು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಬಂದಾಗ ಹೊಳೆದಡದ ಮನೆಗಳವರನ್ನು ಕಾಳಜಿ ಕೇಂದ್ರಕ್ಕೆ ಸಾಗಿಸುವ ಕೆಲಸ ನಮ್ಮ ಸೆಕ್ಷನ್‌ಗೆ ಬಿದ್ದಿತ್ತು. ಒಬ್ಬ ಅಜ್ಜಿ ಹೊರಡಲು ಒಪ್ಪಲಿಲ್ಲ. ಜಗಲಿಯ ಮೆಟ್ಟಿಲಿಗೆ ನೀರು ಬಂದಿತ್ತು. ಅವರದು ಒಂದೇ ಹಟ, ಎರಡು ಕೋಳಿ ಬಿಟ್ಟು ಬರುವುದಿಲ್ಲ. ಕೋಳಿಗಳನ್ನು ಹೆಡಿಗೆಯಲ್ಲಿ ಕೂರಿಸಿ, ನೆನೆಯದ ಹಾಗೆ ನನ್ನ ಮಳೆಕೋಟು ಮುಚ್ಚಿ ತಲೆಯ ಮೇಲೆ ಹೊತ್ತು ನಡೆದೆವು. ಅಜ್ಜಿಯನ್ನು ಇಳಿಸಿ, ಹೆಡಿಗೆ ಇಳಿಸಿ, ಮುಂದಿನ ಮನೆಗೆ ಓಡಿದ್ದು ನೆನಪಿದೆ. ಕೋಟು ವಾಪಸು ಪಡೆದದ್ದು ನೆನಪಿಲ್ಲ, ಪಡೆದಿರಲೂ ಇಲ್ಲ. ಆ ವಾರವೇ ಒಂದು ಸಾಲು ಬರೆದುಕೊಟ್ಟಿದ್ದರೆ ನೆರೆಯ ಕರ್ತವ್ಯದಲ್ಲಿ ನಷ್ಟವಾದದ್ದು ಎಂದು ಅಂದೇ ಷರಾ ಆಗುತ್ತಿತ್ತು. ಮಂಡಿಯಲ್ಲಿ ಒಂದು ಕಿಲೋ ವ್ಯತ್ಯಾಸಕ್ಕೆ ರೈತರ ಜೊತೆ ಅರ್ಧ ಗಂಟೆ ಕೂರುವವಳು ನನ್ನ ಪುಟದ ಒಂದು ಸಾಲನ್ನು ಐದು ವರ್ಷ ಹಾಗೇ ಬಿಟ್ಟಿದ್ದೆ.

ಮುಂದಿನ ವಾರ ರಜೆ ಹಾಕಿ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಆರಿದ್ರಾ ಮಳೆ ಹೊಡೆಯುತ್ತಿತ್ತು. ಅಜ್ಜಿ ಗುರುತು ಹಿಡಿದರು, ಬಿಸಿ ಕಾಫಿ ಕೊಟ್ಟರು. ಬಚ್ಚಲ ಒಲೆಯ ಪಕ್ಕ ಒಟ್ಟಿದ್ದ ಸೌದೆಯ ಮೇಲೆ ಏನೋ ಖಾಕಿ ಬಣ್ಣದ್ದು ಹೊದಿಸಿತ್ತು. ಹೋಗಿ ಕಾಲರ್ ಮಗುಚಿದೆ. ಒಳಗೆ ಮಾರ್ಕರ್ ಪೆನ್ನಿನಲ್ಲಿ ನಾನೇ ಬರೆದ ನನ್ನ ಸಂಖ್ಯೆಯ ಕೊನೆಯ ಮೂರು ಅಂಕಿಗಳು ಮಸಿ ಹಿಡಿದಿದ್ದರೂ ಓದಲು ಬರುತ್ತಿದ್ದವು. ಒಂದು ತೋಳನ್ನು ಇಲಿ ತಿಂದಿತ್ತು.

"ಅದು ನಿನ್ನದಾ ಮಾರಾಯ್ತಿ? ಸರ್ಕಾರ ಕೊಟ್ಟದ್ದು ಎಂದುಕೊಂಡಿದ್ದೆ."

"ಸರ್ಕಾರದ್ದೇ ಅಜ್ಜಿ" ಎಂದೆ. ಇರುವ ತೊಂದರೆಯೂ ಅದೇ ಎಂದು ಹೇಳಲಿಲ್ಲ.

ತೆಗೆದುಕೊಂಡು ಹೋಗೆಂದು ಅವರು ಒತ್ತಾಯಿಸಿದರು. ಸೌದೆ ನೆನೆದರೆ ಈ ಮಳೆಯಲ್ಲಿ ಒಲೆ ಹೊತ್ತುವುದಾದರೂ ಹೇಗೆ? ಕಾಲರಿನ ಫೋಟೋ ಮಾತ್ರ ತೆಗೆದುಕೊಂಡು, ಕೋಟನ್ನು ಸೌದೆಗೇ ಬಿಟ್ಟು ಬಂದೆ. ನಡೆದದ್ದನ್ನು ಬರೆದುಕೊಟ್ಟು, 650 ರೂಪಾಯಿ ಕಟ್ಟಿ, ರಸೀದಿ ಪಡೆದೆ. ಸಾರ್ಜೆಂಟರು ಆ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, 'ಚುಕ್ತಾ' ಎಂದು ಬರೆದರು. ಅಷ್ಟು ಹೊತ್ತಿಗೆ ಜುಲೈ ಎರಡನೆಯ ವಾರ.

ನಿಮ್ಮ ಊರಿನಲ್ಲೂ ನೆರೆ, ಬೆಂಕಿ, ಜಾತ್ರೆಗಳಲ್ಲಿ ಹೀಗೆ ವಸ್ತುಗಳು ಕೈ ಬದಲಾಯಿಸಿರುತ್ತವೆ. ವರ್ಗಾವಣೆಯ ಯೋಚನೆ ಬಂದ ದಿನವೇ, ಅರ್ಜಿ ಬರೆಯುವ ಮೊದಲೇ, ನಿಮ್ಮ ಕಿಟ್ ಪುಟವನ್ನು ಒಮ್ಮೆ ನೋಡಿ ಬನ್ನಿ. ಫೋಟೋ ತೆಗೆದಿಟ್ಟುಕೊಳ್ಳಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿರುವ ಸಾಲುಗಳಿಗೂ, ಘಟಕಾಧಿಕಾರಿಗಳ ಒಪ್ಪಿಗೆ ಕೇಳಿ, ಅದನ್ನೇ ಮಾಡಿ. ನಾನು ಒಂದು ವರ್ಷದ್ದು ತೆಗೆದಿಟ್ಟುಕೊಂಡಿದ್ದೆ, ಉಪಯೋಗವಾಯಿತು.

ಕಡತ ಘಟಕದಿಂದ ಜಿಲ್ಲಾ ಕಚೇರಿಗೆ ಹೋಯಿತು. ನಾನು ಈಗ ಇರುವುದು ಅದೇ ಊರಿನಲ್ಲಿ, ಮಂಡಿಯಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರ. ಆದರೂ ಎರಡು ವಾರ ಹೋಗಿ ವಿಚಾರಿಸಲಿಲ್ಲ, ಕಾಡಿಸಿದ ಹಾಗಾಗುತ್ತದೆ ಎಂಬ ಸಂಕೋಚ. ಕೊನೆಗೆ ಅವರೇ ಫೋನ್ ಮಾಡಿದರು. ಕಡತ ಇಲ್ಲೇ ಇದೆ, ನಿಮ್ಮ ಹೆಸರು ಎರಡು ಬಗೆಯಲ್ಲಿದೆ. ದಳದ ದಾಖಲೆಯಲ್ಲಿ ತವರಿನ ಇನಿಶಿಯಲ್, ಆಧಾರ್ ಮತ್ತು ಬ್ಯಾಂಕಿನಲ್ಲಿ ಗಂಡನ ಹೆಸರು. ಇಷ್ಟು ವರ್ಷ ಭತ್ಯೆ ಅದೇ ಖಾತೆಗೆ ಬರುತ್ತಿತ್ತಲ್ಲ ಎಂದೆ. "ಬರುತ್ತಿತ್ತು, ಆದರೆ ಈಗ ಹೊಸ ಘಟಕದ ಪಟ್ಟಿಯಲ್ಲಿ ಹೊಸದಾಗಿ ಏರಿಸಬೇಕು. ಏರಿಸುವಾಗಲೇ ಸರಿ ಮಾಡಿಸಿಕೊಳ್ಳಿ, ಆಮೇಲೆ ನಿಮಗೇ ತಲೆನೋವು" ಎಂದು ಸಮಾಧಾನದಿಂದ ವಿವರಿಸಿದರು. ಎರಡೂ ಹೆಸರು ಒಬ್ಬಳದೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಒಂದು ಅಫಿಡವಿಟ್ ತಂದುಕೊಟ್ಟೆ. ನಾನು ನಾನೇ ಎಂದು ಹೇಳಲು ಇನ್ನೂರು ರೂಪಾಯಿ.

ಅದರ ಬೆನ್ನಿಗೇ ಇನ್ನೊಂದು. 2020ರ ಬ್ಯಾಂಕ್ ವಿಲೀನದಲ್ಲಿ ನನ್ನ ಬ್ಯಾಂಕ್ ಇನ್ನೊಂದಕ್ಕೆ ಸೇರಿಹೋಗಿತ್ತು, ಪಾಸ್‌ಪುಸ್ತಕದ ಮೊದಲ ಪುಟದಲ್ಲಿ ಹಳೆಯ ಐಎಫ್‌ಎಸ್‌ಸಿ ಸಂಕೇತವೇ ಇತ್ತು. ಹೊಸ ಪಾಸ್‌ಪುಸ್ತಕ ಮಾಡಿಸಲು ಮಧ್ಯಾಹ್ನದ ಊಟದ ಹೊತ್ತು ಮೂರು ದಿನ ಹೋಯಿತು. ಜೆರಾಕ್ಸ್ ಮಾಡಿಸುವ ಮೊದಲು ಆ ಪುಟವನ್ನು ಒಮ್ಮೆ ಓದಿ. ಜೆರಾಕ್ಸ್ ಅಂಗಡಿಯವನು ಓದುವುದಿಲ್ಲ.

ಆಗಸ್ಟ್ ಪೂರ್ತಿ ಆದೇಶಕ್ಕೆ ಕಾಯುವುದೇ ಆಯಿತು. ಯಾರನ್ನೂ ದೂರುವ ಹಾಗಿಲ್ಲ. ಮೊದಲು ಮಳೆ, ಆಮೇಲೆ ಸ್ವಾತಂತ್ರ್ಯ ದಿನದ ಪಥಸಂಚಲನ, ಅದರ ಬೆನ್ನಿಗೆ ಗಣಪತಿ ಹಬ್ಬದ ಸಿದ್ಧತೆ. ಶಿವಮೊಗ್ಗದಲ್ಲಿ ಗಣಪತಿಯ ಮೆರವಣಿಗೆ ಎಂದರೆ ಬಂದೋಬಸ್ತ್ ಯಾವ ಮಟ್ಟದ್ದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಳೆಯ ಘಟಕದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಸಂದೇಶ ಬರುತ್ತಿತ್ತು: ಹೊಳೆ ಎಷ್ಟು ಏರಿದೆ, ಯಾವ ರಸ್ತೆಗೆ ಮರ ಬಿದ್ದಿದೆ, ನಾಳೆ ಎಷ್ಟು ಜನ ಬೇಕು. ನಾನು ಇಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಹೋಗಿ, ಹೊಳೆಯ ನಡುವಿನ ಮಂಟಪ ಮುಳುಗಿದೆಯೋ ಇಲ್ಲವೋ ನೋಡಿ ಬರುತ್ತಿದ್ದೆ. ಶಿವಮೊಗ್ಗದವರಿಗೆ ಅದೇ ಮಾಪಕ. ಮಂಟಪ ಮುಳುಗಿದರೆ ಮೇಲೆ ನಮ್ಮೂರಿನಲ್ಲಿ ಏನಾಗಿರುತ್ತದೆಂದು ನನಗೆ ಅಂದಾಜಾಗುತ್ತಿತ್ತು. ಹೋಗಲು ಆಗುತ್ತಿರಲಿಲ್ಲ. ಮಂಡಿಗೆ ಹೇಳಿದ್ದ ದಿನಗಳೆಲ್ಲ ಕಾಗದ ಓಡಾಟಕ್ಕೇ ಖರ್ಚಾಗಿದ್ದವು.

ಆಗಸ್ಟ್ ಕೊನೆಯ ವಾರ ಆದೇಶ ಬಂತು. ಹಳೆಯ ಘಟಕಕ್ಕೆ ಹೋಗಿ ಬಿಡುಗಡೆ ಪಡೆಯಬೇಕು, ಆಮೇಲೆ ಹೊಸ ಘಟಕದಲ್ಲಿ ವರದಿ ಮಾಡಿಕೊಳ್ಳಬೇಕು. ಬಿಡುಗಡೆಯ ದಿನ ಕವಾಯತು ಮುಗಿದ ಮೇಲೆ ಎಲ್ಲರೂ ಸೇರಿ ಅವಲಕ್ಕಿ, ಬಾಳೆಹಣ್ಣು, ಕಾಫಿ ಮಾಡಿದ್ದರು. ಭಾಷಣ ಬೇಡವೆಂದರೂ ಘಟಕಾಧಿಕಾರಿಗಳು ಎರಡು ಮಾತು ಆಡಿದರು. ನನಗೆ ಮಾತು ಹೊರಡಲಿಲ್ಲ, ಸೆಲ್ಯೂಟ್ ಮಾಡಿ ಕೂತೆ. ಬಸ್ಸು ಮಂಡಗದ್ದೆ ದಾಟುವಾಗ ಫೋನ್ ತೆಗೆದು ನೋಡಿದರೆ ಸಾರ್ಜೆಂಟರು ನನ್ನನ್ನು ಗುಂಪಿನಿಂದ ತೆಗೆದಿದ್ದರು. ನಿಯಮ ಅದು, ಘಟಕದಲ್ಲಿಲ್ಲದವರು ಗುಂಪಿನಲ್ಲಿ ಇರುವ ಹಾಗಿಲ್ಲ. ಸೆಕ್ಷನ್ ಲೀಡರ್ ಆದಾಗ ಅದನ್ನು ಎಲ್ಲರಿಗೂ ಬಿಗಿಯಾಗಿ ಹೇಳಿದವಳು ನಾನೇ. ಆದರೂ ಹೊರಗಿನ ಹೊಳೆ ನೋಡುತ್ತ ಗಾಜನೂರು ಬರುವವರೆಗೂ ಫೋನ್ ಚೀಲದಿಂದ ಹೊರತೆಗೆಯಲಿಲ್ಲ.

ಈಗ ಬರುತ್ತದೆ ನನ್ನ ದೊಡ್ಡ ತಪ್ಪು. ಆದೇಶದ ಮೊಹರಿನ ಪ್ರತಿ ನನ್ನ ಬಳಿ ಇದ್ದದ್ದು ಒಂದೇ. ಬಿಡುಗಡೆ ಪಡೆಯುವಾಗ ಅದನ್ನು ಹಳೆಯ ಘಟಕದ ಕಡತಕ್ಕೆ ಕೊಟ್ಟು, ಸಂಭ್ರಮದಲ್ಲಿ ಅಲ್ಲೇ ಬಿಟ್ಟು ಬಂದಿದ್ದೆ. ಬಿಡುಗಡೆ ಪತ್ರವನ್ನು ಮಾತ್ರ ತಂದಿದ್ದೆ, ಅದರಲ್ಲೂ ದಿನಾಂಕವಿತ್ತು, ಕಚೇರಿಯ ಮೊಹರಿರಲಿಲ್ಲ. ನೋಡಿಕೊಂಡಿರಲಿಲ್ಲ. ಸೆಪ್ಟೆಂಬರ್ ಮೊದಲ ಭಾನುವಾರ ಖಾಕಿ ತೊಟ್ಟು ಹೊಸ ಘಟಕದ ಕವಾಯತಿಗೆ ಹೋದೆ. ಅಲ್ಲಿನ ಅಧಿಕಾರಿಗಳು ಪತ್ರ ತಿರುಗಿಸಿ ನೋಡಿ, "ಮೇಡಂ, ನಿಮ್ಮನ್ನು ಸೇರಿಸಿಕೊಳ್ಳಲು ನಮಗೆ ಇಷ್ಟವೇ. ಆದರೆ ಈ ಕಾಗದದ ಮೇಲೆ ಹಾಜರಿ ಹಾಕಲಾರೆ" ಎಂದರು. ಗಣಪತಿ ಬಂದೋಬಸ್ತಿಗೆ ಜನರ ಅಗತ್ಯವಿತ್ತು, ನಾನು ಖಾಕಿಯಲ್ಲಿ ಮುಂದೆ ನಿಂತಿದ್ದೆ, ಆದರೂ ಅವರು ತೆಗೆದುಕೊಳ್ಳಲಿಲ್ಲ. ಸರಿಯಾಗಿಯೇ ಮಾಡಿದರು. ಕರ್ತವ್ಯದಲ್ಲಿ ನನಗೆ ಏನಾದರೂ ಆಗಿದ್ದರೆ ಯಾವ ಘಟಕದ ಲೆಕ್ಕಕ್ಕೆ ಹಿಡಿಯುವುದು?

ಹಾಗೆ ನಾಲ್ಕು ವಾರ ನಾನು ಯಾವ ಘಟಕದವಳೂ ಆಗಿರಲಿಲ್ಲ. ಇಡೀ ವ್ಯವಹಾರದಲ್ಲಿ ಅತ್ಯಂತ ಕೆಟ್ಟ ಅವಧಿ ಇದೇ. ಗಣಪತಿಯ ಮೆರವಣಿಗೆಯ ದಿನ ಮಂಡಿ ಬೇಗ ಮುಚ್ಚಿತು. ಜನರ ನಡುವೆ ಮಗಳ ಕೈ ಹಿಡಿದು ನಿಂತೆ. ಎದುರಿನ ಅಡ್ಡರಸ್ತೆಯ ಬಾಯಲ್ಲಿ ಗೃಹರಕ್ಷಕಿಯರು ಕೈ ಚಾಚಿ ಸಾಲು ಕಟ್ಟಿದ್ದರು. ಒಬ್ಬಳು ಜನರಿಗೆ ಬೆನ್ನು ಹಾಕಿ ಮೆರವಣಿಗೆ ನೋಡುತ್ತಿದ್ದಳು. ಹೋಗಿ ತಿರುಗಿಸಿ ನಿಲ್ಲಿಸಬೇಕೆಂದು ಕೈ ತುರಿಸಿತು. ಜನರಿಗೆ ಮುಖ, ಮೆರವಣಿಗೆಗೆ ಬೆನ್ನು, ಅದು ಮೊದಲ ಪಾಠ. ಸೀರೆ ಉಟ್ಟವಳು ಹೇಳಿದರೆ ಯಾರು ಕೇಳುತ್ತಾರೆ?

ಆದೇಶದ ಪ್ರತಿಗೆ ಮತ್ತೆ ಅರ್ಜಿ, ಮೊಹರಿಗೆ ಮತ್ತೆ ಬಸ್ಸು. ಹಬ್ಬದ ಬಂದೋಬಸ್ತ್ ಮುಗಿಯುವವರೆಗೆ ಕಚೇರಿಗಳಲ್ಲಿ ಯಾರೂ ಕುರ್ಚಿಯಲ್ಲಿ ಕೂತಿರಲಿಲ್ಲ. ಸೆಪ್ಟೆಂಬರ್ ಕೊನೆಯ ವಾರ ಎರಡೂ ಕೈ ಸೇರಿದವು. ಈ ನಡುವಿನ ಕವಾಯತುಗಳಿಗೆ ಗೈರುಹಾಜರಿ ಬೀಳುವ ಹೆದರಿಕೆ ಇತ್ತು. ಹಳೆಯ ಹಾಜರಿಯ ಫೋಟೋಗಳನ್ನೂ ಮೊದಲ ಭಾನುವಾರ ಬಂದು ಹಿಂದಿರುಗಿದ ವಿಷಯವನ್ನೂ ಬರೆದುಕೊಟ್ಟ ಮೇಲೆ ಆ ವಾರಗಳನ್ನು ವರ್ಗಾವಣೆಯ ಅವಧಿ ಎಂದು ಪರಿಗಣಿಸಿದರು. ಹಾಗಾಗಿ ಆದೇಶದ ಮೂರು ಪ್ರತಿಗಳಿಗೆ ಮೊಹರು ಹಾಕಿಸಿಕೊಳ್ಳಿ. ಒಂದು ಹಳೆಯ ಘಟಕಕ್ಕೆ, ಒಂದು ಹೊಸದಕ್ಕೆ, ಒಂದು ನಿಮ್ಮ ಟ್ರಂಕಿಗೆ. ಬಿಡುಗಡೆ ಪತ್ರದಲ್ಲಿ ದಿನಾಂಕ, ಪೂರ್ವಾಹ್ನವೋ ಅಪರಾಹ್ನವೋ, ಸಹಿ, ಮೊಹರು ನಾಲ್ಕೂ ಇವೆಯೇ ಎಂದು ಅಲ್ಲೇ ನಿಂತು ನೋಡಿ. ಅವಲಕ್ಕಿ ಆಮೇಲೆ ತಿನ್ನಿ. ಸಾಧ್ಯವಾದರೆ ಹಬ್ಬ, ಚುನಾವಣೆ ಇಲ್ಲದ ತಿಂಗಳಲ್ಲಿ ಬಿಡುಗಡೆ ಕೇಳಿ.

ಲೆಕ್ಕ ಬರೆಯುವವಳು ಲೆಕ್ಕ ಕೊಡದಿದ್ದರೆ ಹೇಗೆ? ಬಸ್ಸಿಗೆ ನಾಲ್ಕು ಸಲ ಹೋಗಿಬಂದದ್ದು 720. ಬಾಡಿಗೆ ಕರಾರು, ಛಾಪಾ ಕಾಗದ, ಟೈಪಿಂಗ್ ಸೇರಿ 450. ನೋಟರಿ 200. ಮಳೆಕೋಟು 650. ಜೆರಾಕ್ಸ್ ಮತ್ತು ಫೋಟೋ 170. ದರ್ಜಿಗೆ 40. ಒಟ್ಟು 2,230 ರೂಪಾಯಿ. ಮಂಡಿಯಲ್ಲಿ ಕಡಿತವಾದ ಮೂರು ಅರ್ಧ ದಿನಗಳ ಕೂಲಿ ಬೇರೆ. ಗಣಪತಿ ಬಂದೋಬಸ್ತಿನ ಭತ್ಯೆ ಕೈತಪ್ಪಿದ್ದು ಎಲ್ಲಕ್ಕಿಂತ ದೊಡ್ಡ ನಷ್ಟ. ಗೃಹರಕ್ಷಕರು ಖಾಯಂ ನೌಕರರಲ್ಲ, ಆದರೆ ಮೂವತ್ತು ದಿನದ ಭತ್ಯೆ ಸೇರಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಬೇಕು ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಗೃಹರಕ್ಷಕರ ಪ್ರಕರಣದಲ್ಲಿ ಹೇಳಿತ್ತು. ಭತ್ಯೆಯ ಮೇಲೆಯೇ ಮನೆ ನಡೆಸುವವರು ದಳದಲ್ಲಿ ತುಂಬ ಜನ ಇದ್ದಾರೆ. ಅಂಥವರಿಗೆ ನಾಲ್ಕು ವಾರ ಘಟಕವಿಲ್ಲದೆ ಉಳಿಯುವುದೆಂದರೆ ನನ್ನ ಹಾಗೆ ಬೇಸರದ ಮಾತಷ್ಟೇ ಅಲ್ಲ.

ದರ್ಜಿಯ ನಲವತ್ತು ರೂಪಾಯಿ ಯಾವುದೆಂದು ಹೇಳಬೇಕು. ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ದಿನವೇ ಹೊಸ ಅಧಿಕಾರಿಗಳು, "ಇಲ್ಲಿ ಸೆಕ್ಷನ್ ಲೀಡರ್ ಜಾಗ ಖಾಲಿ ಇಲ್ಲ. ಖಾಲಿಯಾದಾಗ ನಿಮ್ಮ ಹೆಸರು ಪರಿಶೀಲಿಸುತ್ತೇವೆ. ಅಲ್ಲಿಯವರೆಗೆ ಗೃಹರಕ್ಷಕಿಯಾಗಿಯೇ ಇರಬೇಕು, ಒಪ್ಪಿಗೆಯೇ?" ಎಂದು ಕೇಳಿದರು. ವರ್ಗಾವಣೆ ನನ್ನ ಕೋರಿಕೆಯ ಮೇಲೆ ಆದದ್ದು, ಒಪ್ಪದಿರಲು ಆಗುತ್ತದೆಯೇ? ಒಪ್ಪಿ ಸಹಿ ಮಾಡಿದೆ. ಅರ್ಜಿ ಹಾಕುವ ಮೊದಲೇ ಹೊಸ ಘಟಕದಲ್ಲಿ ನಿಮ್ಮ ದರ್ಜೆಯ ಜಾಗ ಇದೆಯೇ ಎಂದು ವಿಚಾರಿಸಿಕೊಳ್ಳಿ. ನಾನು ವಿಚಾರಿಸಿದ್ದರೂ ಬರುತ್ತಿದ್ದೆ, ಆದರೆ ಗೊತ್ತಿದ್ದು ಬರುವುದೇ ಬೇರೆ.

ಗಾಂಧಿ ಬಜಾರಿನ ಹತ್ತಿರದ ದರ್ಜಿಯ ಬಳಿ ಎರಡು ಅಂಗಿ ಒಯ್ದೆ. ನಾನೇ ಬಿಚ್ಚಬಹುದಿತ್ತು, ಕೈ ಬರಲಿಲ್ಲ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಕತ್ತರಿಸಿ ತೋಳಿನ ಮೇಲಿನ ಲೀಡರ್ ಪಟ್ಟಿ ಎಬ್ಬಿಸಿದರು. ಕೆಳಗಿನ ಬಟ್ಟೆ ಹೊಸದರ ಹಾಗಿತ್ತು. ಸುತ್ತಲ ಖಾಕಿ ಬಿಸಿಲಿಗೆ, ಸೋಪಿಗೆ ಮಾಸಿತ್ತು, ಪಟ್ಟಿಯಿದ್ದ ಜಾಗ ಮಾತ್ರ ಗಾಢವಾಗಿ, ಅಂಚಿನುದ್ದಕ್ಕೂ ಸೂಜಿಯ ಸಣ್ಣ ಸಣ್ಣ ತೂತು. "ಎರಡು ಸಲ ಒಗೆದರೆ ತೂತು ಮುಚ್ಚುತ್ತದಮ್ಮ, ಬಣ್ಣ ಮಾತ್ರ ಹೀಗೇ ಇರುತ್ತದೆ" ಎಂದರು. ಬಿಚ್ಚಿದ ಪಟ್ಟಿಗಳನ್ನು ಪತ್ರಿಕೆಯ ಚೂರಿನಲ್ಲಿ ಸುತ್ತಿ ಕೊಟ್ಟರು.

ಹೊಸ ಘಟಕದ ಕಿಟ್ ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ಪ್ರತಿ ಸಾಲನ್ನೂ ಎರಡು ಸಲ ಓದಿದೆ. ಮಳೆಕೋಟಿನ ಸಾಲನ್ನು ಮೂರು ಸಲ. ಕೊಡುತ್ತಿದ್ದ ಹುಡುಗ ಬೇಸತ್ತು ಗೋಡೆ ನೋಡುತ್ತ ನಿಂತ.

ಮೊದಲ ಕರ್ತವ್ಯ ದಸರೆಯ ಜಂಬೂಸವಾರಿ. ಹಿಂದಿನ ಸಂಜೆ ನಿಯಮದ ಪ್ರಕಾರ ಮಂಡಿಯಲ್ಲಿ ಹೇಳಿದೆ. ಸಾಹುಕಾರರು ತಮ್ಮ ಮೊಮ್ಮಕ್ಕಳನ್ನು ಕರೆತರುವುದಾಗಿಯೂ ಮುಂದಿನ ಸಾಲಿನಲ್ಲಿ ಜಾಗ ಹಿಡಿದುಕೊಡಬೇಕೆಂದೂ ಕೇಳಿದರು. ಆಗುವುದಿಲ್ಲವೆಂದೆ. ಸಕ್ರೆಬೈಲಿನ ಆನೆ ಶಿಬಿರದ ಆನೆಗಳು ಬರುವ ದಾರಿಯ ಒಂದು ತಿರುವಿನಲ್ಲಿ ನಮ್ಮ ಆರು ಜನರನ್ನು ಹಗ್ಗ ಹಿಡಿದು ನಿಲ್ಲಿಸಿದ್ದರು. ಪಕ್ಕದಲ್ಲಿದ್ದವಳು ಕಳೆದ ವರ್ಷವಷ್ಟೇ ಸೇರಿದವಳು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ನನ್ನ ತೋಳನ್ನು ಬಹಳ ಹೊತ್ತು ನೋಡಿದಳು.

"ಅಕ್ಕಾ, ನೀವು ಮೊದಲು ಲೀಡರ್ ಆಗಿದ್ದಿರಾ?"

"ಆಗಿದ್ದೆ, ಬೇರೆ ಊರಿನಲ್ಲಿ."

"ಹಾಗಾದರೆ ಹೇಳಿ, ಈ ಹಗ್ಗದ ತುದಿಯನ್ನು ಎಲ್ಲಿಗೆ ಕಟ್ಟುವುದು? ಲೈಟು ಕಂಬಕ್ಕೆ ಕಟ್ಟು ಎಂದು ಅವರು ಹೇಳಿ ಹೋದರು."

ಕಂಬದ ಬುಡದಲ್ಲಿ ಅಲಂಕಾರದ ದೀಪಗಳ ವೈರು ಸುತ್ತಿ ಬಿಟ್ಟಿದ್ದರು, ಮಧ್ಯಾಹ್ನದ ಮಳೆಗೆ ನೆಲ ಇನ್ನೂ ಒದ್ದೆಯಿತ್ತು. ಕಂಬ ಬೇಡ, ಆಚೆಯ ಹೊಂಗೆ ಮರಕ್ಕೆ ಸೊಂಟದ ಎತ್ತರದಲ್ಲಿ ಕಟ್ಟು, ಎಳೆದರೆ ತಟ್ಟನೆ ಬಿಚ್ಚುವ ಗಂಟು ಹಾಕು ಎಂದೆ. ಅವಳು ಓಡಿದಳು. ಅಷ್ಟರಲ್ಲಿ ಕೋಟೆಯ ಕಡೆಯಿಂದ ನಗಾರಿ ಕೇಳಿಸಿತು, ಜನ ಒಮ್ಮೆಗೇ ಮುಂದಕ್ಕೆ ವಾಲಿದರು. ನಾನು ರಸ್ತೆಗೆ ಬೆನ್ನು ಹಾಕಿ ಅವರ ಕಡೆ ತಿರುಗಿ ನಿಂತೆ.